ಶನಿವಾರದ ಕೂಟವೂ ನನ್ನ ಬಿಡುಗಡೆಯೂ

ನಾಲ್ಕು ಜನ ಒಂದು ಪುಸ್ತಕದ ಸುತ್ತ ಕೂತರೆ ಏನಾದರೊಂದು ಆಗದೆ ಇರುವುದಿಲ್ಲ. ಆ ಪುಸ್ತಕ ಸತ್ಯವೇದವಾಗಿ, ಕೂತವರು ನಮ್ಮ ಕ್ರೈಸ್ತ ಸಭೆಯವರಾಗಿದ್ದರೆ ವಾರ ತಪ್ಪದೆ ಆಗುತ್ತದೆ. ಇದನ್ನು ಗೊಣಗಾಟಕ್ಕೆ ಹೇಳುತ್ತಿಲ್ಲ. ಒಂಬತ್ತು ವರ್ಷ ಆ ಕೂಟದ ಕಾರ್ಯದರ್ಶಿಯಾಗಿದ್ದವನು ನಾನು. ಗೊಣಗುವ ಶಕ್ತಿ ಐದನೇ ವರ್ಷಕ್ಕೇ ಮುಗಿದಿತ್ತು.

ಆಗ ಜಯನಗರ ಇನ್ನೂ ಕಣ್ಣು ಬಿಡುತ್ತಿತ್ತು. ರಸ್ತೆಗಳಿದ್ದವು, ರಸ್ತೆಯ ಪಕ್ಕದಲ್ಲಿ ಮನೆಗಳಿರಲಿಲ್ಲ. ಇಲ್ಲೊಂದು ಅಲ್ಲೊಂದು ಮನೆ, ನಡುವೆ ರಾಗಿ ಹೊಲ. ನಮ್ಮ ದೇವಾಲಯ ಇದ್ದದ್ದು ಪೇಟೆಯ ಆಚೆ. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಜಯನಗರ, ಹನುಮಂತನಗರದಲ್ಲಿ ಚೆದುರಿದ್ದ ಕ್ರೈಸ್ತ ಮನೆಗಳನ್ನೆಲ್ಲ ಒಟ್ಟುಗೂಡಿಸಿದರೆ ದೊಡ್ಡವರು ಹತ್ತು ಜನ ಆಗುತ್ತಿದ್ದೆವು. ಶನಿವಾರ ಮಧ್ಯಾಹ್ನ ನಾಲ್ಕು ಗಂಟೆಗೆ ಯಾರಾದರೊಬ್ಬರ ಮನೆಯಲ್ಲಿ ಸೇರಿ ವೇದ ಓದೋಣ ಎಂದು ನಮ್ಮ ಸಭಾಪಾಲಕರು ಹೇಳಿದರು. ಅವರನ್ನು ನಾವೆಲ್ಲ ಅಯ್ಯನವರು ಎನ್ನುತ್ತಿದ್ದೆವು. ಒಳ್ಳೆಯವರು, ಅಷ್ಟು ದೂರದಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು, ಯಾರ ಮೇಲೂ ಕೋಪ ಮಾಡಿಕೊಳ್ಳುತ್ತಿರಲಿಲ್ಲ. ಅವರಿಗಿದ್ದದ್ದು ಒಂದೇ ದೌರ್ಬಲ್ಯ. ವೇದ ಓದುವುದಕ್ಕೆ ಹೊಸ ಕ್ರಮ ಎಲ್ಲಾದರೂ ಇದೆ ಎಂದು ಕಿವಿಗೆ ಬಿದ್ದರೆ ಸಾಕು, ಅದು ಮುಂದಿನ ಶನಿವಾರ ನಮ್ಮ ಮೇಲೆ ಇಳಿಯುತ್ತಿತ್ತು.

ನೀರು ತರಲು ಹೋದದ್ದು

ಮೊದಲ ಕೂಟ ಸೇರಿದ್ದು ನಮ್ಮ ಮನೆಯಲ್ಲಿ. ಅಯ್ಯನವರು ಮಾತು ಶುರು ಮಾಡುತ್ತಿದ್ದಂತೆ ಅವರಿಗೆ ಬಿಕ್ಕಳಿಕೆ ಹತ್ತಿತು. ನಲ್ಲಿಯಲ್ಲಿ ಬೆಳಗಿನ ಹೊತ್ತು ಬಿಟ್ಟರೆ ನೀರಿಲ್ಲ, ಕೊಡ ಖಾಲಿ. ಚೊಂಬು ಹಿಡಿದು ಹೊಲದಾಚೆಯ ಬಾವಿಗೆ ಓಡಿದೆ. ನಾನು ತುಂಬಿದ ಚೊಂಬಿನೊಂದಿಗೆ ಬಾಗಿಲಿಗೆ ಬರುವ ಹೊತ್ತಿಗೆ ಎಲ್ಲರೂ ಕಣ್ಣು ಮುಚ್ಚಿ ನಿಂತಿದ್ದರು. ಪ್ರಾರ್ಥನೆ ಮುಗಿಯುತ್ತಿತ್ತು. ಎಲ್ಲರೂ ಆಮೆನ್ ಎಂದರು. ಬಾಗಿಲಲ್ಲಿದ್ದ ನಾನೂ ಆಮೆನ್ ಎಂದೆ. ಚಿಕ್ಕಂದಿನಿಂದ ಆದ ಅಭ್ಯಾಸ, ಯಾರು ಯಾಕೆ ಎಂದು ಕೇಳುವುದಿಲ್ಲ.

ಪಕ್ಕದಲ್ಲಿ ನಮ್ಮ ಕೂಟದವರೇ ಆದ ರೈಲ್ವೆ ಗಾರ್ಡ್ ನಿಂತಿದ್ದರು. ಯಾವುದಕ್ಕೆ ಪ್ರಾರ್ಥನೆ ಮಾಡಿದಿರಿ ಎಂದು ಮೆಲ್ಲಗೆ ಕೇಳಿದೆ.

"ನಿಮ್ಮನ್ನ ಕಾರ್ಯದರ್ಶಿ ಮಾಡಿದ್ವಿ ಸಾರ್," ಎಂದರು. "ನೀವೂ ಆಮೆನ್ ಅಂದ್ರಲ್ಲ."

ಊಟವಾದ ಮೇಲೆ

ಕಾರ್ಯದರ್ಶಿ ಎಂದರೆ ದೊಡ್ಡ ಕೆಲಸವೇನಲ್ಲ. ಯಾರ ಮನೆಯಲ್ಲಿ ಕೂಟ ಎಂದು ಎಲ್ಲರಿಗೂ ಹೇಳಿ ಬರಬೇಕು. ಹಾಜರಿ ಬರೆಯಬೇಕು. ಬಾರದವರ ಮನೆಗೆ ಹೋಗಿ ಯಾಕೆ ಬರಲಿಲ್ಲ ಎಂದು ಕೇಳಿ ಬೈಸಿಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಜಮಖಾನೆ ಹೊರಬೇಕು. ಹತ್ತು ಜನ ಕೂರುವಷ್ಟು ಹಾಸು ಯಾರ ಮನೆಯಲ್ಲೂ ಇರಲಿಲ್ಲವಾದ್ದರಿಂದ ದೇವಾಲಯದಿಂದ ಒಂದು ಹಳೆಯ ಕೆಂಪು ಜಮಖಾನೆ ಕೊಟ್ಟಿದ್ದರು. ಅದನ್ನು ಸುತ್ತಿ ಸೈಕಲ್ಲಿನ ಕ್ಯಾರಿಯರ್‌ಗೆ ಕಟ್ಟಿ ಮನೆಯಿಂದ ಮನೆಗೆ ಸಾಗಿಸುವುದು ನನ್ನ ಪಾಲು. ಅಂಚೆ ಕಚೇರಿಯಲ್ಲಿ ವಾರವಿಡೀ ಕಾಗದ ವಿಂಗಡಿಸುವವನು ನಾನು. ಶನಿವಾರ ಮಧ್ಯಾಹ್ನ ಒಂದಿಷ್ಟು ಬಿಡುವು. ಆ ಬಿಡುವೆಲ್ಲ ಜಮಖಾನೆಯ ಜೊತೆ ಸೈಕಲ್ಲಿನ ಮೇಲೆ ಕಳೆಯಿತು. ಬೀದಿಯವರು ನನ್ನನ್ನು ಜಮಖಾನೆ ಸಾರ್ ಎಂದು ಕರೆಯತೊಡಗಿದರು.

ಮೊದಮೊದಲು ಉಪನ್ಯಾಸದ ಕ್ರಮ. ಅಯ್ಯನವರು ಹೇಳುವುದು, ನಾವು ಕೇಳುವುದು. ಊಟ ಮಾಡಿ ಬಂದ ಮಧ್ಯಾಹ್ನ, ಅಯ್ಯನವರದು ತಂಪಾದ ದನಿ. ಕಾಲು ಗಂಟೆಯೊಳಗೆ ಕಾಂಪೌಂಡರ್ ಗೋಡೆಗೆ ಒರಗುತ್ತಿದ್ದರು. ಆಸ್ಪತ್ರೆಯಲ್ಲಿ ಬೆಳಗಿನಿಂದ ನಿಂತು ಔಷಧಿ ಬೆರೆಸಿ ಬರುವ ಮನುಷ್ಯ, ಅವರನ್ನು ದೂರುವ ಮನಸ್ಸು ಯಾರಿಗೂ ಬರುತ್ತಿರಲಿಲ್ಲ. ಆದರೆ ಮೇಷ್ಟ್ರಾಗಿದ್ದು ನಿವೃತ್ತರಾದ ನಮ್ಮ ಹೆಡ್‌ಮಾಸ್ಟರಿಗೆ ಎದುರಿಗೆ ಒಬ್ಬ ನಿದ್ದೆ ಮಾಡುವುದು ಸಹಿಸಲಾಗುತ್ತಿರಲಿಲ್ಲ. ನಡುನಡುವೆ ಪ್ರಶ್ನೆ ಕೇಳಿ, ಎಚ್ಚರ ಇರುತ್ತದೆ ಎಂದು ಅಯ್ಯನವರಿಗೆ ಕಿವಿಯಲ್ಲಿ ಹೇಳಿದರು.

ಆ ದಿನದ ವಿಷಯ ಪ್ರಾರ್ಥನೆ. ಅಯ್ಯನವರು ಮಾತು ನಿಲ್ಲಿಸಿ, ಕಾಂಪೌಂಡರ್ ಕಡೆ ತಿರುಗಿ, ಹೇಗೆ ಮಾಡಬೇಕು ನೀವು ಹೇಳಿ ಎಂದರು. ಪಕ್ಕದಲ್ಲಿದ್ದ ಅವರ ಹೆಂಡತಿ ಮೊಣಕೈಯಿಂದ ತಿವಿದರು. ಕಾಂಪೌಂಡರ್ ಕಣ್ಣು ಬಿಡದೆಯೇ ಹೇಳಿದರು: "ದಿನಕ್ಕೆ ಮೂರು ಸಲ. ಊಟ ಆದ್ಮೇಲೆ. ಬಾಟ್ಲಿ ಚೆನ್ನಾಗಿ ಅಲ್ಲಾಡಿಸಿ."

ಹದಿನೇಳನೇ ವಚನ

ಆ ವರ್ಷದ ಕೊನೆಗೆ ನಾನು ಅಯ್ಯನವರಲ್ಲಿಗೆ ಹೋಗಿ, ನನ್ನನ್ನು ಬಿಟ್ಟುಬಿಡಿ, ಬೇರೆ ಯಾರಿಗಾದರೂ ಜಮಖಾನೆ ವಹಿಸಿ ಎಂದೆ. ಅವರು, ತಪ್ಪು ನಿಮ್ಮದಲ್ಲ, ಕ್ರಮದ್ದು, ಕ್ರಮ ಬದಲಾಯಿಸೋಣ ಎಂದರು. ನಾನು ಕೇಳಿದ್ದು ಬಿಡುಗಡೆ, ಸಿಕ್ಕಿದ್ದು ಹೊಸ ಕ್ರಮ. ಹೂಂ ಎಂದು ಬಂದೆ. ಮುಂದೆ ಪ್ರತಿ ವರ್ಷವೂ ಹೀಗೇ ಆಯಿತು, ಪ್ರತಿ ವರ್ಷವೂ ನಾನು ಹೂಂ ಎಂದೆ. ನನಗೆ ಇಲ್ಲ ಎನ್ನಲು ಬಾರದು, ಅದೊಂದು ಹುಟ್ಟಿನಿಂದ ಬಂದ ಕಾಯಿಲೆ.

ಹೊಸ ಕ್ರಮದಲ್ಲಿ ಸುತ್ತ ಕೂತವರು ಒಬ್ಬೊಬ್ಬರು ಒಂದೊಂದು ವಚನ ಓದಬೇಕು. ಎಲ್ಲರ ಬಾಯಿಗೂ ಕೆಲಸ, ನಿದ್ದೆಗೆ ಜಾಗವಿಲ್ಲ. ನಿದ್ದೆಯೇನೋ ಹೋಯಿತು. ಆದರೆ ಯಾರೂ ಯಾರ ವಚನವನ್ನೂ ಕೇಳುತ್ತಿರಲಿಲ್ಲ. ಕೂತ ತಕ್ಷಣ ಎಲ್ಲರೂ ಬೆರಳು ಮಡಿಸಿ ತಮ್ಮ ಪಾಲಿಗೆ ಯಾವುದು ಬರುತ್ತದೆ ಎಂದು ಎಣಿಸಿ, ಅದೊಂದನ್ನೇ ಮನಸ್ಸಿನಲ್ಲಿ ಹತ್ತು ಸಲ ಓದಿಕೊಳ್ಳುತ್ತಿದ್ದರು. ಇದರಲ್ಲಿ ಗಾರ್ಡ್ ಎಲ್ಲರಿಗಿಂತ ಮುಂದೆ. ದಿನವೂ ರೈಲಿನ ಡಬ್ಬಿ ಎಣಿಸಿದ ಕಣ್ಣು. ಅಧ್ಯಾಯ ತೆರೆಯುತ್ತಿದ್ದಂತೆ ಒಂದು ನೋಟ ಹರಿಸಿ, ಅತಿ ಚಿಕ್ಕ ವಚನ ಯಾವ ಜಾಗಕ್ಕೆ ಬೀಳುತ್ತದೆಂದು ನೋಡಿ, ಆ ಜಾಗಕ್ಕೆ ಸರಿದು ಕೂರುತ್ತಿದ್ದರು.

ಒಂದು ಶನಿವಾರ ನಮ್ಮ ಕೂಟದ ನರ್ಸಮ್ಮನ ಮನೆಯಲ್ಲಿ ವಂಶಾವಳಿಯ ಅಧ್ಯಾಯ. ಇಂಥವನು ಇಂಥವನನ್ನು ಪಡೆದನು ಎಂದು ಉದ್ದಕ್ಕೂ ಹೆಸರುಗಳ ಸಾಲು, ಒಂದೊಂದನ್ನು ಹೇಳುವಷ್ಟರಲ್ಲಿ ನಾಲಗೆ ಗಂಟು ಬೀಳುತ್ತದೆ. ಎಲ್ಲರೂ ಗಂಭೀರವಾಗಿ ಎಣಿಸಿಕೊಂಡರು, ಅಭ್ಯಾಸ ಮಾಡಿಕೊಂಡರು. ಸುತ್ತು ಅರ್ಧಕ್ಕೆ ಬಂದಾಗ ನಮ್ಮ ನರ್ಸಮ್ಮ ಒಲೆಯ ಮೇಲೆ ಹಾಲಿಟ್ಟಿದ್ದು ನೆನಪಾಗಿ ಎದ್ದು ಒಳಗೆ ಹೋದರು. ಸಾಲಿನಲ್ಲಿ ಒಂದು ಡಬ್ಬಿ ಕಳಚಿತು. ಅಲ್ಲಿಂದ ಮುಂದೆ ಎಲ್ಲರಿಗೂ ತಾವು ಕಲಿಯದ ವಚನ ಬಂತು. ಹೆಡ್‌ಮಾಸ್ಟರ್ ತಮ್ಮದಲ್ಲದ ಹನ್ನೊಂದು ಹೆಸರುಗಳ ಮುಂದೆ ನಿಂತು ಬೆವರಿದರು. ಮೂರನೆಯ ಹೆಸರಿನಲ್ಲೇ ಸಿಕ್ಕಿಕೊಂಡು, ಇತ್ಯಾದಿ ಎಂದು ಮುಗಿಸಿ ಕೂತರು. ಸತ್ಯವೇದದಲ್ಲಿ ಇತ್ಯಾದಿ ಇಲ್ಲ ಎಂದು ಕಾಂಪೌಂಡರ್ ಎಲ್ಲರಿಗೂ ಕೇಳುವಂತೆ ಹೇಳಿದರು.

ಜಮಖಾನೆ ಸುತ್ತುವಾಗ ಗಾರ್ಡ್ ಕೈ ಹಾಕಿದರು. ಇವತ್ತಿನ ಅಧ್ಯಾಯದಿಂದ ನಿಮಗೆ ಏನು ತಿಳಿಯಿತು ಎಂದು ಕೇಳಿದೆ. ಕಾರ್ಯದರ್ಶಿ ಕೇಳಬೇಕಾದ ಪ್ರಶ್ನೆ ಅದು.

"ನಂದು ಹದಿನೇಳನೇ ವಚನ ಸಾರ್," ಎಂದರು. "ಉಳಿದಿದ್ದರ ಜವಾಬ್ದಾರಿ ನಂದಲ್ಲ."

ಸಂಧಾನ ಮತ್ತು ಉಪ್ಪಿಟ್ಟು

ಮೂರನೆಯ ಕ್ರಮವನ್ನು ಯಾರೋ ಪರದೇಶದ ಮಿಷನರಿ ಅಮ್ಮನವರು ಅಯ್ಯನವರಿಗೆ ಹೇಳಿಕೊಟ್ಟಿದ್ದರು. ಓದಿದ ಭಾಗಕ್ಕೆ ಮೂರೇ ಪ್ರಶ್ನೆ. ಇದು ಏನು ಹೇಳುತ್ತದೆ, ಇದರ ಅರ್ಥವೇನು, ಈ ವಾರ ನೀನು ಏನು ಮಾಡುತ್ತೀಯ. ಮೊದಲೆರಡಕ್ಕೆ ನಮ್ಮವರು ಗಂಟೆಗಟ್ಟಲೆ ಉತ್ತರ ಹೇಳುತ್ತಿದ್ದರು. ಮೂರನೆಯದು ಬಂದಾಗ ಎಲ್ಲರಿಗೂ ಬಸ್ಸಿನ ಹೊತ್ತು ನೆನಪಾಗುತ್ತಿತ್ತು.

ಇಲ್ಲೊಂದು ವಿಷಯ ಹೇಳಬೇಕು. ಹೆಡ್‌ಮಾಸ್ಟರ್ ಮತ್ತು ಕಾಂಪೌಂಡರ್ ಒಬ್ಬರೊಂದಿಗೊಬ್ಬರು ಮಾತಾಡದೆ ಎರಡು ವರ್ಷವಾಗಿತ್ತು. ಕಾರಣ ಒಂದು ಹಾಡು. ಹೆಡ್‌ಮಾಸ್ಟರ್ ಅದನ್ನು ಇಂಗ್ಲಿಷ್ ರಾಗದಲ್ಲಿ ಎತ್ತುತ್ತಿದ್ದರು, ಕಾಂಪೌಂಡರ್ ಅದನ್ನೇ ನಮ್ಮ ಕೀರ್ತನೆಯ ಧಾಟಿಯಲ್ಲಿ ಎತ್ತುತ್ತಿದ್ದರು. ಒಂದು ಕ್ರಿಸ್ಮಸ್ ದಿನ ಇಬ್ಬರೂ ಒಟ್ಟಿಗೇ ಎತ್ತಿದರು, ಇಬ್ಬರೂ ಬಿಡಲಿಲ್ಲ. ಐದು ಚರಣವೂ ಹಾಗೇ ನಡೆಯಿತು. ಅಂದಿನಿಂದ ಮಾತು ನಿಂತಿತು.

ಆ ಶನಿವಾರ ಓದಿದ್ದು, ಕಾಣಿಕೆ ತರುವ ಮೊದಲು ಸಹೋದರನ ಸಂಗಡ ಸಮಾಧಾನ ಮಾಡಿಕೋ ಎನ್ನುವ ಭಾಗ. ಮೂರನೆಯ ಪ್ರಶ್ನೆ ಬಂತು. ಎಲ್ಲರ ಕಣ್ಣೂ ಇಬ್ಬರ ಮೇಲೆ. ಬೇರೆ ದಾರಿಯಿಲ್ಲದೆ ಇಬ್ಬರೂ, ಬುಧವಾರ ರಜೆ ಇದೆ, ಅವರ ಮನೆಗೆ ನಾನೇ ಹೋಗುತ್ತೇನೆ ಎಂದು ಒಬ್ಬರ ಮುಖ ಒಬ್ಬರು ನೋಡದೆ ಒಪ್ಪಿಕೊಂಡರು. ಬುಧವಾರ ಬಂತು. ಕಾಂಪೌಂಡರ್ ಹನುಮಂತನಗರದಿಂದ ಜಯನಗರಕ್ಕೆ ಹೊರಟರು. ಅದೇ ಹೊತ್ತಿಗೆ ಹೆಡ್‌ಮಾಸ್ಟರ್ ಜಯನಗರದಿಂದ ಹನುಮಂತನಗರಕ್ಕೆ ಹೊರಟರು. ಒಬ್ಬರು ಈ ರಸ್ತೆ, ಒಬ್ಬರು ಆ ರಸ್ತೆ. ಇಬ್ಬರೂ ಇನ್ನೊಬ್ಬರ ಜಗಲಿಯಲ್ಲಿ ಒಂದೊಂದು ಗಂಟೆ ಕಾದರು. ಮನೆಗೆ ಬಂದವರನ್ನು ಬರಿಗೈಲಿ ಕಳಿಸಬಾರದೆಂದು ಎರಡೂ ಮನೆಯ ಹೆಂಗಸರು ಉಪ್ಪಿಟ್ಟು, ಕಾಫಿ ಕೊಟ್ಟರು.

ಮುಂದಿನ ಶನಿವಾರ ಇಬ್ಬರೂ ಕೂಟದಲ್ಲಿ ವರದಿ ಕೊಟ್ಟರು. ನಾನು ಹೋಗಿದ್ದೆ, ಅವರೇ ಬೇಕೆಂದು ತಪ್ಪಿಸಿಕೊಂಡರು ಎಂದು ಇಬ್ಬರ ವಾದ. ಅಯ್ಯನವರು ಸಮಾಧಾನ ಮಾಡಿ, ಇನ್ನೊಂದು ಸಲ ಪ್ರಯತ್ನಿಸಿ ಎಂದರು. ಮುಂದಿನ ಬುಧವಾರ ಸಂಜೆ ಮತ್ತೆ ಇಬ್ಬರೂ ಒಂದೇ ಹೊತ್ತಿಗೆ ಹೊರಟರು. ಅದರ ಮುಂದಿನ ಬುಧವಾರವೂ ಅಷ್ಟೇ. ನಾಲ್ಕನೆಯ ವಾರ ನನಗೆ ಅನುಮಾನ ಬಂದು ಕಾಂಪೌಂಡರನ್ನು ಪಕ್ಕಕ್ಕೆ ಕರೆದು, ಒಬ್ಬರು ಬುಧವಾರ ಬಿಟ್ಟು ಗುರುವಾರ ಹೋಗಬಾರದೇ ಎಂದು ಕೇಳಿದೆ.

"ಹೋಗಬಹುದು," ಎಂದರು ಅವರು. "ಆದ್ರೆ ಅವರು ಮನೇಲಿದ್ರೆ ಆಯಮ್ಮ ಉಪ್ಪಿಟ್ಟಿಗೆ ಗೋಡಂಬಿ ಹಾಕಲ್ವಂತೆ."

ಮೌನ

ಅಯ್ಯನವರು ಒಂದು ವಾರ ಯಾವುದೋ ಬೆಟ್ಟದ ಮೇಲಿನ ಶಿಬಿರಕ್ಕೆ ಹೋಗಿ ಬಂದರು. ಅಲ್ಲಿ ಕಲಿತದ್ದು ಮೌನದ ಕ್ರಮ. ನಾಲ್ಕು ವಚನ ಓದಿ ಅರ್ಧ ಗಂಟೆ ಯಾರೂ ಬಾಯಿ ಬಿಡಬಾರದು. ಇದನ್ನು ಕೇಳಿ ಒಂಬತ್ತು ವರ್ಷದಲ್ಲಿ ಒಮ್ಮೆ ನಾನು ಮನಸಾರೆ ಸಂತೋಷಪಟ್ಟೆ.

ಕೂಟ ನಮ್ಮ ಮನೆಯಲ್ಲಿತ್ತು. ಸೆಖೆಯೆಂದು ಬಾಗಿಲು ಕಿಟಕಿ ತೆರೆದಿದ್ದೆವು. ಎಲ್ಲರೂ ತಲೆ ಬಗ್ಗಿಸಿ ಕೂತರು. ಕಾಂಪೌಂಡರ್ ಯಥಾಪ್ರಕಾರ ಗೋಡೆಗೆ ಒರಗಿ, ಬಾಯಿ ತೆರೆದು, ಕೈ ಎದೆಯ ಮೇಲೆ ಇಟ್ಟುಕೊಂಡು ನಿದ್ದೆ ಹೋದರು. ಉಳಿದವರು ಅವರ ಸುತ್ತ ಇದ್ದೆವು.

ಹೊರಗೆ ಹಾದುಹೋಗುತ್ತಿದ್ದವರು ನಮ್ಮ ಗೌಡರು. ನಮ್ಮ ಮನೆ ನಿಂತ ಜಾಗವೂ ಒಂದು ಕಾಲಕ್ಕೆ ಅವರ ಹೊಲವೇ. ಬೀದಿಯಲ್ಲಿ ಯಾರ ಮನೆಯ ಕಷ್ಟಕ್ಕಾದರೂ ಮೊದಲು ಬರುವ ಮನುಷ್ಯ. ಅವರು ಕಿಟಕಿಯಿಂದ ನೋಡಿದರು. ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಸದ್ದಿಲ್ಲದೆ ಬಂದು ಬಾಗಿಲ ಬಳಿ ಕೂತರು. ಅವರು ಕೂತದ್ದನ್ನು ನೋಡಿ ಎದುರು ಮನೆಯವರು ಬಂದರು. ಅವರನ್ನು ನೋಡಿ ಬಾವಿಯ ಹತ್ತಿರದ ಹೆಂಗಸರು ಸೆರಗು ಬಾಯಿಗೆ ಹಚ್ಚಿಕೊಂಡು ಬಂದರು. ನಮಗೆ ಹೆಜ್ಜೆ ಸದ್ದು ಕೇಳುತ್ತಿತ್ತು, ಓರೆಗಣ್ಣಿಗೆ ಕಾಣುತ್ತಲೂ ಇತ್ತು, ಆದರೆ ಅರ್ಧ ಗಂಟೆ ಬಾಯಿ ಬಿಡಕೂಡದು ಎಂದು ಅಪ್ಪಣೆಯಾಗಿತ್ತು.

ಗೌಡರು ನನ್ನ ಹತ್ತಿರ ಜರುಗಿ, ಹೆಗಲ ಮೇಲೆ ಕೈಯಿಟ್ಟರು. ಕಾಂಪೌಂಡರ್ ಕಡೆ ಒಮ್ಮೆ ನೋಡಿ, "ಬಿದಿರಿಗೆ ಹೇಳಿ ಕಳಿಸ್ಲಾ ಸಾರ್," ಎಂದು ಪಿಸುಗುಟ್ಟಿದರು, "ಇಲ್ಲಾ ನಿಮ್ಮ ಕಡೆ ಪೆಟ್ಟಿಗೆನಾ?"

ಆ ಮಾತಿಗೆ ಕಾಂಪೌಂಡರ್ ಎಚ್ಚರವಾಗಿ, ಯಾರಿಗೆ ಎಂದು ಕೇಳಿದರು. ಬಾವಿಯ ಕಡೆಯ ಹೆಂಗಸರು ಅಂಗಳ ದಾಟಿ ಓಡಿದರು. ಗೌಡರಿಗೆ ವಿಷಯ ತಿಳಿಸಲು ಇನ್ನರ್ಧ ಗಂಟೆ ಹಿಡಿಯಿತು. ಮುಂದಿನ ಸಲ ಸುಮ್ಮನೆ ಕೂರುವುದಿದ್ದರೆ ಮೊದಲೇ ಹೇಳಿ ಕಳಿಸಿ, ಹೊಲಕ್ಕೆ ನೀರು ಬಿಟ್ಟದ್ದನ್ನು ಹಾಗೇ ಬಿಟ್ಟು ಬಂದೆ ಎಂದರು. ಅಯ್ಯನವರು ಮಾತ್ರ ಖುಷಿಯಲ್ಲಿದ್ದರು. ಹಾಜರಿಗೆ ಬಂದವರನ್ನೆಲ್ಲ ಸೇರಿಸಿ ಬರೆಯಲು ಹೇಳಿದರು. ಮೂವತ್ತನಾಲ್ಕು. ನಮ್ಮ ಕೂಟದ ಇತಿಹಾಸದಲ್ಲಿ ಅಷ್ಟು ಜನ ಮತ್ತೆ ಸೇರಲೇ ಇಲ್ಲ, ಅದೂ ಯಾರೂ ಸಾಯದೆ.

ಚೀಟಿ

ನಗುತ್ತಾ ಹೇಳುತ್ತೇನೆ, ಆದರೆ ನಿಜಕ್ಕೂ ನನಗೆ ಸಾಕಾಗಿತ್ತು. ಒಂದು ಬೆಳಿಗ್ಗೆ ನನ್ನ ಪಾಡಿಗೆ ನಾನು ವೇದ ತೆರೆದು ಕೂತೆ. ಅರ್ಧ ಪುಟ ಓದುವಷ್ಟರಲ್ಲಿ ಇದರಲ್ಲಿ ಹತ್ತು ಜನಕ್ಕೆ ಸಾಕಾಗುವಷ್ಟು ವಚನ ಇವೆಯೇ, ಹೆಡ್‌ಮಾಸ್ಟರಿಗೆ ಕಷ್ಟದ ಹೆಸರು ಬೀಳುತ್ತದೆಯೇ ಎಂದು ಲೆಕ್ಕ ಹಾಕುತ್ತಿದ್ದೇನೆ. ಪುಸ್ತಕ ಮುಚ್ಚಿಟ್ಟೆ. ಅಳು ಬಂತು ಎಂದರೆ ಸುಳ್ಳಾಗುತ್ತದೆ, ಅಳುವಷ್ಟೂ ಉಳಿದಿರಲಿಲ್ಲ. ಒಂಬತ್ತು ವರ್ಷದಲ್ಲಿ ಒಂದು ಶನಿವಾರವೂ ನಾನು ಎಲ್ಲರ ಹಾಗೆ ಜಮಖಾನೆಯ ಮೇಲೆ ಕೂತು ಸುಮ್ಮನೆ ಕೇಳಿರಲಿಲ್ಲ. ಅಷ್ಟು ಸಿಕ್ಕರೆ ಸಾಕಿತ್ತು ನನಗೆ.

ಈ ಸಲ ಅಯ್ಯನವರಿಗೆ ಖಂಡಿತವಾಗಿ ಹೇಳಿದೆ. ಅವರಿಗೂ ನನ್ನ ಮುಖ ನೋಡಿ ಅರ್ಥವಾಗಿರಬೇಕು. ಆದರೆ ಆಗ ಅವರ ತಲೆಯಲ್ಲಿ ಹೊಸ ಕ್ರಮವೊಂದಿತ್ತು. ಓದಿದ್ದನ್ನು ಬರಿದೇ ಚರ್ಚಿಸದೆ, ಮಾಡಿಯೇ ನೋಡುವುದು. ಆ ತಿಂಗಳು ನಾವು ಓದುತ್ತಿದ್ದದ್ದು ಅಪೊಸ್ತಲರೆಂಬ ಮೊದಲ ಶಿಷ್ಯರು ತಮ್ಮಲ್ಲಿ ಖಾಲಿಯಾದ ಹನ್ನೆರಡನೆಯ ಜಾಗಕ್ಕೆ ಒಬ್ಬನನ್ನು ಆರಿಸಲು ಚೀಟಿ ಹಾಕಿದ ಅಧ್ಯಾಯ. ಸರಿ, ನಾವೂ ಚೀಟಿ ಹಾಕೋಣ, ಹೊಸ ಕಾರ್ಯದರ್ಶಿಯನ್ನು ದೇವರೇ ಆರಿಸಲಿ ಎಂದರು. ಹತ್ತು ಜನರ ಹೆಸರೂ ಬರೆಯಬೇಕಂತೆ, ನನ್ನದೂ ಸೇರಿ. ನಿಮಗೆ ಬಿಡುಗಡೆ ಇದ್ದರೆ ಬೇರೆ ಹೆಸರು ಬರುತ್ತದೆ, ಅನುಮಾನ ಯಾಕೆ ಎಂದರು. ಚೀಟಿ ಬರೆಯುವುದು ಯಾರು ಎಂದು ಯಾರೂ ಕೇಳಲಿಲ್ಲ. ಅದು ಕಾರ್ಯದರ್ಶಿಯ ಕೆಲಸ.

ಆ ವಾರ ಸೋಮವಾರವೇ ಶುರುವಾಯಿತು. ಮೊದಲು ಹೆಡ್‌ಮಾಸ್ಟರ್ ಬಂದರು. ಹೆಚ್ಚು ಮಾತಾಡಬಾರದೆಂದು ಡಾಕ್ಟರು ಹೇಳಿದ್ದಾರೆಂದು ಮುಕ್ಕಾಲು ಗಂಟೆ ವಿವರಿಸಿ, ತಮ್ಮದೂ ಹೆಂಡತಿಯದೂ ಹೆಸರು ಬಿಟ್ಟುಬಿಡಿ ಎಂದರು. ಹೂಂ ಎಂದೆ. ಮಂಗಳವಾರ ಕಾಂಪೌಂಡರ್ ದಂಪತಿ ಬಂದರು. ಅವರ ಹೆಸರು ಬಂದರೆ ಹೆಡ್‌ಮಾಸ್ಟರ್ ಕೂಟಕ್ಕೆ ಬರುವುದಿಲ್ಲವಂತೆ, ಸಭೆಯ ಸಮಾಧಾನಕ್ಕಾಗಿ ಬಿಟ್ಟುಬಿಡಬೇಕಂತೆ. ಹೂಂ ಎಂದೆ. ಯಾವ ಶನಿವಾರ ತಾನು ಅರಸೀಕೆರೆಯಲ್ಲಿರುತ್ತೇನೋ ತನಗೇ ಗೊತ್ತಿಲ್ಲ ಎಂದು ಗಾರ್ಡ್ ಹೇಳಿದರು, ಅವರ ಹೆಂಡತಿ ಬಾಗಿಲಲ್ಲೇ ನಿಂತು ತನಗೆ ಸೈಕಲ್ ಬರುವುದಿಲ್ಲ ಎಂದರು. ನರ್ಸಮ್ಮನಿಗೆ ಪಾಳಿ. ನನ್ನ ಹೆಂಡತಿ ಬೇಳೆ ಆರಿಸುತ್ತ, ಯಾರ ಹೆಸರು ಬಂದರೂ ಕೂಟಕ್ಕೆ ಚಕ್ಕುಲಿ ಮಾಡುವವಳು ನಾನೇ, ಹೆಸರೂ ನನ್ನದೇ ಆಗುವುದು ಬೇಡ ಎಂದಳು. ಎಲ್ಲರಿಗೂ ಹೂಂ.

ಶುಕ್ರವಾರ ಉಳಿದವರು ನಮ್ಮ ಕೂಟದ ಹಿರಿಯರಾದ ಅಜ್ಜಿ ಒಬ್ಬರೇ. ಒಂದು ಕಾಲಕ್ಕೆ ಮಿಷನ್ನಿನ ಪರವಾಗಿ ಮನೆ ಮನೆ ಅಲೆದು ಹೆಂಗಸರಿಗೆ ವೇದ ಓದಿ ಹೇಳುತ್ತಿದ್ದವರು, ಈಗ ಎಪ್ಪತ್ತು ದಾಟಿದೆ. ಅವರೂ ನಮ್ಮ ಮನೆಯ ತನಕ ನಡೆದು ಬಂದು, ಜಮಖಾನೆ ಹೊರೋ ವಯಸ್ಸಾ ಇದು, ನನ್ನ ಹೆಸರು ಬರೀಬೇಡ ಎಂದರು. ಹೂಂ ಎಂದೆ. ಅಜ್ಜಿ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಹೊರಟುಹೋದರು.

ಶನಿವಾರ ಊಟವಾದ ಮೇಲೆ ಹತ್ತು ಚೀಟಿ ಕತ್ತರಿಸಿ ಮುಂದಿಟ್ಟುಕೊಂಡೆ. ಬರೆಯಲು ಒಂದೂ ಹೆಸರಿಲ್ಲ. ಒಂದಿದೆ, ನನ್ನದು. ಅದನ್ನು ಬರೆದರೆ ಚೀಟಿ ಹಾಕುವ ಅಗತ್ಯವೇ ಇಲ್ಲ. ಪೆನ್ನಿಗೆ ಮುಚ್ಚಳ ಹಾಕಿದೆ. ಆಮೇಲೆ, ದೇವರು ಕ್ಷಮಿಸಲಿ, ಹತ್ತನ್ನೂ ಖಾಲಿಯಾಗಿಯೇ ಮಡಿಸಿದೆ. ಖಾಲಿ ಚೀಟಿ ಬಂದರೆ ಯಾರನ್ನೂ ಆರಿಸಿಲ್ಲ ಎಂದಾಗುತ್ತದೆ. ಕಾರ್ಯದರ್ಶಿಯೇ ಇಲ್ಲದ ಕೂಟ. ಜಮಖಾನೆ ವಾಪಸು ದೇವಾಲಯಕ್ಕೆ. ಇಷ್ಟು ವರ್ಷದಲ್ಲಿ ನಾನು ಮಾಡಿದ ಒಂದೇ ಒಂದು ಮೋಸ ಅದು. ಮಾಡುವಾಗ ಮನಸ್ಸು ಹಗುರವಾಗಿತ್ತು.

ಕೂಟ ಹೆಡ್‌ಮಾಸ್ಟರ ಮನೆಯಲ್ಲಿ. ಚೀಟಿಗಳನ್ನು ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿ ನಡುವೆ ಇಟ್ಟೆ. ಯಾರ ಮುಖದಲ್ಲೂ ಚಿಂತೆಯಿಲ್ಲ. ತಮ್ಮ ಹೆಸರು ಒಳಗಿಲ್ಲ ಎಂದು ಒಬ್ಬೊಬ್ಬರಿಗೂ ಗೊತ್ತು, ಉಳಿದವರದು ಇದೆ ಎಂದು ನಂಬಿದ್ದರು. ಅಯ್ಯನವರು ಪ್ರಾರ್ಥನೆ ಮಾಡಿ, ಹಿರಿಯರು ನೀವು ಎತ್ತಿ ಎಂದು ಅಜ್ಜಿಗೆ ಹೇಳಿದರು. ಅಜ್ಜಿ ಡಬ್ಬಿಗೆ ಕೈ ಹಾಕಿ ಒಂದು ಚೀಟಿ ತೆಗೆದರು. ಸೆರಗಿನಲ್ಲಿ ಕನ್ನಡಕ ಒರೆಸಿ ಹಾಕಿಕೊಂಡರು. ಚೀಟಿ ಬಿಡಿಸಿದರು. ಈ ಕಡೆ ತಿರುಗಿಸಿ ನೋಡಿದರು, ಆ ಕಡೆ ತಿರುಗಿಸಿ ನೋಡಿದರು. ಆಮೇಲೆ ಅವರು ತಲೆಯೆತ್ತಿ, ಸ್ಪಷ್ಟವಾದ ದನಿಯಲ್ಲಿ ನನ್ನ ಹೆಸರನ್ನು ಓದಿದರು. ತಂದೆಯ ಹೆಸರನ್ನೂ ಸೇರಿಸಿ.

ಆಮೆನ್ ಎಂದರು ಎಲ್ಲರೂ. ಆ ಕೂಟದಲ್ಲಿ ಎಲ್ಲರೂ ಒಂದೇ ಉಸಿರಿಗೆ ಆಮೆನ್ ಎಂದದ್ದು, ನನ್ನನ್ನು ಕಾರ್ಯದರ್ಶಿ ಮಾಡಿದ ದಿನ ಬಿಟ್ಟರೆ, ಅದೇ ಮೊದಲು. ಅದರಲ್ಲಿ ನನ್ನ ಹೆಸರಿಲ್ಲ ಎಂದು ಹೇಗೆ ಹೇಳಲಿ? ಹೇಳಿದರೆ, ನನ್ನ ಹೆಸರನ್ನು ನಾನೇ ಬಿಟ್ಟದ್ದು ಹೊರಗೆ ಬರುತ್ತದೆ. ಅದರ ಹಿಂದೆಯೇ ಎಲ್ಲರ ಹೆಸರು ಬಿಟ್ಟದ್ದೂ ಅಯ್ಯನವರ ಎದುರಿಗೇ ಬರುತ್ತದೆ. ಕಾಂಪೌಂಡರ್ ಎದ್ದು ಬಂದು ನನ್ನ ಕೈ ಕುಲುಕಿದರು.

ಅಷ್ಟಕ್ಕೇ ಮುಗಿಯಲಿಲ್ಲ. ಹೆಡ್‌ಮಾಸ್ಟರ್ ಮೇಷ್ಟ್ರು ಬುದ್ಧಿ ಬಿಡದೆ, ಉಳಿದ ಒಂಬತ್ತನ್ನೂ ಬಿಡಿಸಿ ಸರಿಯಾಗಿದೆಯೇ ನೋಡೋಣ ಎಂದು ಡಬ್ಬಿಗೆ ಕೈ ಚಾಚಿದರು. ನಾನು ಕಣ್ಣು ಮುಚ್ಚಿಕೊಂಡೆ. ಅಷ್ಟರಲ್ಲಿ ಅಜ್ಜಿ ತಮ್ಮ ಕೈಲಿದ್ದ ಚೀಟಿಯನ್ನು ವೇದದೊಳಗೆ ಸೇರಿಸಿ, ಎದ್ದು ನಿಂತು ಮುಕ್ತಾಯದ ಹಾಡು ಎತ್ತಿಬಿಟ್ಟರು. ಜಗಳಕ್ಕೆ ಕಾರಣವಾಗಿದ್ದ ಅದೇ ಹಾಡು, ಕಾಂಪೌಂಡರ್ ಧಾಟಿಯಲ್ಲಿ. ಹೆಡ್‌ಮಾಸ್ಟರ್ ಡಬ್ಬಿ ಬಿಟ್ಟು ಇಂಗ್ಲಿಷ್ ರಾಗಕ್ಕೆ ಓಡಿದರು. ಆ ಗದ್ದಲದಲ್ಲಿ ಒಂಬತ್ತು ಚೀಟಿಯೂ ನನ್ನ ಜೇಬು ಸೇರಿದವು.

ಅಜ್ಜಿಯ ಮನೆ ನನ್ನ ದಾರಿಯಲ್ಲೇ. ಜಮಖಾನೆಯನ್ನು ಕ್ಯಾರಿಯರ್‌ಗೆ ಕಟ್ಟಿ, ಸೈಕಲ್ ತಳ್ಳಿಕೊಂಡು ಅವರ ಜೊತೆ ನಡೆದೆ. ಹೊಲದ ಅಂಚಿಗೆ ಬಂದ ಮೇಲೆ ತಡೆಯಲಾಗಲಿಲ್ಲ.

"ಅಜ್ಜೀ, ಆ ಚೀಟೀಲಿ ಏನೂ ಬರೆದಿರ್ಲಿಲ್ಲ."

"ಗೊತ್ತು ಕಣಪ್ಪ," ಎಂದರು ಅವರು. "ಕನ್ನಡಕ ಹಾಕ್ಕೊಂಡಿದ್ನಲ್ಲ."

ಮತ್ಯಾಕೆ ಹಾಗೆ ಓದಿದಿರಿ ಎಂದೆ. ನನ್ನ ದನಿಯಲ್ಲಿ ಕೋಪವೂ ಇತ್ತು, ಒಂಬತ್ತು ವರ್ಷದ ಆಯಾಸವೂ ಇತ್ತು. ಅಜ್ಜಿ ನಿಂತರು.

"ಶುಕ್ರವಾರ ನನ್ನ ಹೆಸರು ಬಿಡು ಅಂದಾಗ ನೀನು ಹೂಂ ಅಂದೆ. ಆಗ್ಲೇ ಗೊತ್ತಾಯ್ತು, ಎಲ್ರಿಗೂ ಹೂಂ ಅಂದಿರ್ತೀಯ ಅಂತ. ನಲವತ್ತು ವರ್ಷ ಮನೆ ಮನೆ ತಿರುಗಿದೀನಿ ನಾನು. ವೇದ ಬಲ್ಲೋರು ಎಷ್ಟೋ ಜನ ಸಿಕ್ಕಿದ್ರು. ಹೂಂ ಅನ್ನೋರು ಸಿಗೋದು ಕಷ್ಟ. ಅದಿಲ್ದೆ ಈ ಹತ್ತು ಜನ ಒಂದು ಜಮಖಾನೆ ಮೇಲೆ ಕೂರಲ್ಲ."

ಜಾರುತ್ತಿದ್ದ ಜಮಖಾನೆಯನ್ನು ಕ್ಯಾರಿಯರ್ ಮೇಲೆ ಸರಿಪಡಿಸಿದೆ. ಅಜ್ಜಿ ನನ್ನ ತೋಳು ತಟ್ಟಿ, ಮುಂದಿನ ವಾರದಿಂದ ಯಾರಾದರೂ ಒಬ್ಬರೇ ಓದಲಿ, ನೀನು ಎಲ್ಲರ ಹಾಗೆ ಸುಮ್ಮನೆ ಕೂತು ಕೇಳು, ಅದೇ ಹೊಸ ಕ್ರಮ, ಅಯ್ಯನವರಿಗೆ ನಾನು ಹೇಳುತ್ತೇನೆ ಎಂದರು. ಒಂಬತ್ತು ವರ್ಷದಿಂದ ನಾನು ಕಾದಿದ್ದ ಮಾತು. ಯಾರು ಓದುತ್ತಾರೆ ಎಂದು ಕೇಳಿದೆ.

"ಯಾರು ಅಂದ್ರೆ? ಅದನ್ನ ಗೊತ್ತು ಮಾಡೋದು ಕಾರ್ಯದರ್ಶಿ ಕೆಲಸ," ಎಂದರು ಅಜ್ಜಿ. "ಯಾರೂ ಒಪ್ಪದಿದ್ರೆ ನೀನೇ ಓದಪ್ಪ."

ನಾನು ಹೂಂ ಎಂದೆ.